ಕಟ್ಟು ಬಿಚ್ಚುವ ಮುಂಚೆ

“ಬ್ಯಾಡ ಕಣಮ್ಮಿ ರಾಧಾ, ಇವತ್ತು ಬ್ಯಾಡ. ಕಟ್ಟು ಅಂಗೇ ಇರ್ಲಿ ಬುಡು.”

ಸಿದ್ದಲಕ್ಷ್ಮಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸೊಸೆ ರಾಧಾ ಒಂದು ಕೈಯಲ್ಲಿ ಬಿಸಿನೀರಿನ ಬೋಗುಣಿ, ಇನ್ನೊಂದು ಕೈಯಲ್ಲಿ ಒಗೆದು ಒಣಗಿಸಿದ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಆಗ ತಾನೇ ಬೆಳಕು ಹರಿಯುತ್ತಿತ್ತು. ಪಾಲಮಲೆ ಬೆಟ್ಟದ ನೆತ್ತಿ ಮಾತ್ರ ಕೆಂಪಾಗಿತ್ತು.

“ನೆನ್ನೆನೂ ಇದೇ ಮಾತು ಅಂದ್ರಿ ಅತ್ತೆ. ಇವತ್ತೂ ಬುಟ್ರೆ ಉಣ್ಣು ಏನಾಗ್ಬೇಡ?”

“ಆದಂಗಾಗ್ಲಿ. ನೀನು ಆ ಬೋಗುಣಿ ಇಡ್ಕಂಡು ಬಂದ್ರೆ ಸಾಕು, ನನ್ ಜೀವ ಗಂಟ್ಲಿಗೆ ಬತ್ತೈತೆ.”

ರಾಧಾ ಬೋಗುಣಿಯನ್ನು ಕೆಳಗಿಟ್ಟಳು. ನಿಜ ಹೇಳಬೇಕೆಂದರೆ, ಅತ್ತೆ ಬೇಡ ಅಂದದ್ದು ಅವಳಿಗೂ ಒಂದು ಗಳಿಗೆ ನೆಮ್ಮದಿಯೇ ಆಯಿತು. ಆದರೆ ಕೋಣೆಯಲ್ಲಿ ವಾಸನೆ ಏಳತೊಡಗಿತ್ತು. ಕಟ್ಟಿನ ಮೇಲೆ ಒಂದು ನೊಣ ಕೂತು ಎದ್ದದ್ದನ್ನು ಅವಳು ಕಂಡಿದ್ದಳು.

ಸಿದ್ದಲಕ್ಷ್ಮಮ್ಮನವರಿಗೆ ಎದೆಯ ಕ್ಯಾನ್ಸರ್. ಗಂಟು ಕಂಡಾಗ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹೇಳುವ ಹೊತ್ತಿಗೆ ಗಂಟು ಒಡೆದು ಹುಣ್ಣಾಗಿತ್ತು. ಸೇಲಂ ದೊಡ್ಡಾಸ್ಪತ್ರೆಯ ಡಾಕ್ಟರು ಮುಚ್ಚಿಡದೆ ಹೇಳಿದ್ದರು: ಈ ಹುಣ್ಣು ಬೇರೆ ಗಾಯದಂತೆ ಬೇಗ ಮುಚ್ಚುವುದಲ್ಲ. ಔಷಧಿ ನಡೆಯಲಿ. ದಿನವೂ ಹುಣ್ಣು ತೊಳೆದು ಕಟ್ಟು ಬದಲಾಯಿಸಬೇಕು. ಬಿಟ್ಟರೆ ಕೀವಾಗುತ್ತದೆ, ವಾಸನೆ ಹೆಚ್ಚುತ್ತದೆ, ನೊಣ ಕೂತು ಹುಳ ಬೀಳುತ್ತದೆ.

ದಿನವೂ ಮಾಡುವವಳು ರಾಧಾ. ಗಂಡ ಮಾದೇಶ್ ಓಮಲೂರಿನ ಲೇತ್ ಕೆಲಸಕ್ಕೆ ನಸುಕಿನ ಬಸ್ಸು ಹಿಡಿಯುತ್ತಾನೆ. ಮಾವ ಮಲ್ಲಪ್ಪನವರು ರಾಧಾ ನೀರು ಕಾಯಿಸಲು ಒಲೆ ಹಚ್ಚಿದ ಕೂಡಲೇ ಟವಲು ಹೆಗಲಿಗೆ ಹಾಕಿ ಮರಗೆಣಸಿನ ಹೊಲದ ಕಡೆ ನಡೆಯುತ್ತಾರೆ. ಹೆಂಡತಿಯ ಮೇಲೆ ಅವರಿಗೆ ಪ್ರೀತಿ ಕಡಿಮೆಯಲ್ಲ. ನೋಡಲು ಆಗುವುದಿಲ್ಲ, ಅಷ್ಟೆ. ಟೀ ಅಂಗಡಿಯ ಮುಂದೆ ಯಾರಾದರೂ ಕೇಳಿದರೆ ಎದೆ ಮುಂದೆ ಮಾಡಿ ಹೇಳುತ್ತಾರೆ: “ನಮ್ಮವ್ಳು ಗಟ್ಟಿಗಿತ್ತಿ ಕಣಯ್ಯ. ಅಷ್ಟು ದೊಡ್ಡ ಉಣ್ಣು, ಕಟ್ಟು ಬಿಚ್ಚುವಾಗ ಒಂದು ಸದ್ದು ಮಾಡಲ್ಲ. ಬ್ಯಾರೆಯವ್ರಾಗಿದ್ರೆ ಊರೇ ಎದ್ದು ಕೂರ್ಬೇಕಾಗಿತ್ತು.”

ಊರಿನವರೂ ಅದನ್ನೇ ಹೇಳುತ್ತಿದ್ದರು. ಸಿದ್ದಲಕ್ಷ್ಮಮ್ಮ ಎಂದರೆ ಊರಿಗೆ ಗೌರವ. ಬೆಳಿಗ್ಗೆ ಮಿಂದು, ಮಾದಪ್ಪನ ಪಟದ ಮುಂದೆ ದೀಪ ಹಚ್ಚಿ, ದೇವರ ಪದ ಹೇಳಿ, ಆಮೇಲೆಯೇ ಬಾಯಿಗೆ ನೀರು. ಮದುವೆಯಾಗಿ ಬಂದಾಗಿನಿಂದ ಆ ಕ್ರಮ ತಪ್ಪಿದ್ದಿಲ್ಲ. ಕಾಯಿಲೆ ಬಂದ ಮೇಲೂ ತಪ್ಪಲಿಲ್ಲ. ಹುಣ್ಣಿನ ಬಟ್ಟೆ ಮೈಲಿಗೆ. ಅದನ್ನು ತೆಗೆದು, ಮೈ ಒರೆಸಿಕೊಂಡು, ಆಮೇಲೆ ದೀಪ. ಅದಕ್ಕಾಗಿಯೇ ರಾಧಾ ಬೆಳಕು ಹರಿಯುವಾಗಲೇ ಕಟ್ಟು ಬಿಚ್ಚಬೇಕಿತ್ತು. ಡಾಕ್ಟರು ಕೊಟ್ಟ ನೋವಿನ ಮಾತ್ರೆ? ಅದು ದೀಪ, ಪದ, ಗಂಜಿ ಎಲ್ಲ ಆದ ಮೇಲೆ.

ಆ ದಿನ ಪಕ್ಕದ ಮನೆಯ ವಳ್ಳಿಯಮ್ಮ ಮೊಸರಿಗೆ ಹೆಪ್ಪು ಕೇಳಲು ಬಂದವಳು ರಾಧಾಳ ಮುಖ ನೋಡಿ ಅಲ್ಲೇ ಕೂತಳು.

“ಇನ್ನೂ ಬಿಚ್ಲಿಲ್ವಾ? ಲೇ ರಾಧಾ, ನೀನು ಮೆತ್ತಗೆ ಮೆತ್ತಗೆ ಅಂತ ಎಳಿತೀಯ, ಅದ್ಕೇ ಅವ್ರಿಗೆ ನೋವು. ಮುಳ್ಳು ಕೀಳಲ್ವಾ? ಒಂದೇ ಏಟ್ಗೆ ಕಿತ್ತಾಕು. ಕಣ್ಮುಚ್ಚಿ ಕಣ್ಬಿಡೋದ್ರೊಳಗೆ ಆಗೋಯ್ತೈತೆ.”

“ಮೊನ್ನೆ ಅಂಗೇ ಮಾಡ್ದೆ ಅಕ್ಕಾ. ಬಟ್ಟೆ ಜೊತೆ ಮಾಂಸನೂ ಬಂತು. ರಕ್ತ ನಿಲ್ಲಿಸೋಕೆ ಸಾಕಾಯ್ತು.”

ವಳ್ಳಿಯಮ್ಮ ಎದ್ದು ಮನೆಗೆ ಹೋದಳು. ಹೆಪ್ಪಿನ ಬಟ್ಟಲು ಅಲ್ಲೇ ಉಳಿಯಿತು.

ರಾಧಾ ಫೋನ್ ತೆಗೆದಳು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ರಮಾಮಣಿ ಹಿಂದೆ ಒಮ್ಮೆ ಬಂದಿದ್ದಾಗ ನಂಬರ್ ಕೊಟ್ಟು, ‘ಎದ್ದು ಬರೋಕಾಗದ ನೋವಿನವ್ರ ಮನೆಗೆ ನಾವೇ ಬರ್ತೀವಿ, ಕೂಗಮ್ಮ’ ಅಂದಿದ್ದರು. ರಾಧಾ ಅಳುತ್ತಲೇ ಹೇಳಿದಳು.

“ನರ್ಸಮ್ಮಾ, ಅತ್ತೆ ಮುಟ್ಟಿಸ್ಕೊಳ್ತಾ ಇಲ್ಲ. ಸಾಯೋವರ್ಗೂ ಮುಟ್ಬೇಡ ಅಂತಾರೆ.”

“ಅಳ್ಬೇಡಮ್ಮ. ನೀನು ಏನೂ ತಪ್ಪು ಮಾಡಿಲ್ಲ. ಬತ್ತೀನಿ. ನಾ ಬರೋವರ್ಗೂ ಎಳೀಬೇಡ, ಮೇಲೆ ಒಂದು ಶುದ್ಧವಾದ ಬಟ್ಟೆ ಮುಚ್ಚಿರು, ನೊಣ ಕೂರ್ದಂಗೆ.”

ಬಿಸಿಲು ಅಂಗಳಕ್ಕಿಳಿಯುವ ಹೊತ್ತಿಗೆ ಆಸ್ಪತ್ರೆಯ ವ್ಯಾನು, ಊರವರ ಬಾಯಲ್ಲಿ ವಂಡಿ, ಬಂತು. ಅಷ್ಟರಲ್ಲಿ ಸಿದ್ದಲಕ್ಷ್ಮಮ್ಮ ಹೇಗೋ ಎದ್ದು ಮೈ ಒರೆಸಿಕೊಂಡು ದೀಪ ಹಚ್ಚಿದ್ದರು. ಹಳೆ ಕಟ್ಟಿನಲ್ಲೇ ಹಚ್ಚಿದೆನಲ್ಲ ಎಂಬ ಸಂಕಟ ಮುಖದಲ್ಲಿತ್ತು. ಗಂಜಿ ಅರ್ಧ ಲೋಟ ಕುಡಿದು ಚಾಪೆಯ ಮೇಲೆ ಕೂತಿದ್ದರು. ಮಾತ್ರೆ ಇನ್ನೂ ನುಂಗಿರಲಿಲ್ಲ. ವಂಡಿ ಕಂಡು ಮಲ್ಲಪ್ಪನವರೂ ಹೊಲದಿಂದ ಬಂದು ಬಾಗಿಲ ಬಳಿ ನಿಂತರು.

ರಮಾಮಣಿಯೂ ಹೊಲಗೆಲಸದ ಮನೆಯ ಹೆಣ್ಣೇ. ಓಮಲೂರಿನ ಹತ್ತಿರದ ಕನ್ನಡದವರ ಮನೆ. ಓದಿದ್ದು, ಬರೆಯುವುದು ತಮಿಳಿನಲ್ಲಿ. ಬಂದವರೇ ಚೀಲ ತೆಗೆಯಲಿಲ್ಲ. ಕೈಕಾಲು ತೊಳೆದು ಚಾಪೆಯ ಮೇಲೆ ಸಿದ್ದಲಕ್ಷ್ಮಮ್ಮನ ಪಕ್ಕದಲ್ಲಿ ಕೂತರು. ಆಸ್ಪತ್ರೆಯವರು ಅಂದರೆ ಅವಸರ ಎಂದು ತಿಳಿದಿದ್ದ ಮನೆಗೆ ಅದೇ ಒಂದು ಆಶ್ಚರ್ಯ.

“ಎಂಗಿದ್ದೀಯಮ್ಮಾ?”

“ಇದ್ದೀನವ್ವ.”

“ದಿನದಾಗೆ ಯಾವ ಹೊತ್ತು ಕಷ್ಟ?”

ಸಿದ್ದಲಕ್ಷ್ಮಮ್ಮ ಸೆರಗಿನ ಅಂಚನ್ನು ಮಡಿಲಲ್ಲಿ ಮುದುರಿಕೊಂಡರು. ರಮಾಮಣಿ ಇನ್ನೊಂದು ಪ್ರಶ್ನೆ ಹಾಕದೆ ಕಾದರು.

“ಬೆಳಗಾಗೋದು,” ಅಂದರು ಕೊನೆಗೆ. “ಕೋಳಿ ಕೂಗುದ್ರೆ ಮೈಯೆಲ್ಲಾ ನಡ್ಗ್ತೈತೆ. ರಾತ್ರಿ ಉಂಡ್ರೆ ಒಟ್ಟೆಲಿ ನಿಲ್ಲಲ್ಲ, ಬೆಳಿಗ್ಗೆ ಇದೈತಲ್ಲ ಅಂತ. ಬಿಚ್ಚೋ ನೋವು ಬಿಚ್ಚುವಾಗ ಮಾತ್ರ ಇದ್ದಿದ್ರೆ ತಡ್ಕೊಳ್ತಿದ್ದೆ ನರ್ಸಮ್ಮ. ಅದು ನನ್ ತಾವ ದಿನವೆಲ್ಲಾ ಕೂತಿರ್ತೈತೆ.”

ಮಲ್ಲಪ್ಪ ಬಾಗಿಲ ಕಂಬ ಹಿಡಿದುಕೊಂಡರು. “ಒಂದಿನಾನೂ ನನ್ ತಾವ ಏಳ್ಲಿಲ್ವಲ್ಲೇ?”

“ಎಂಗೆ ಏಳ್ಲಿ? ನೀವು ಊರೆಲ್ಲಾ ನನ್ನ ಗಟ್ಟಿಗಿತ್ತಿ ಅಂತ ಸಾರ್ಕಂಡು ಬತ್ತೀರಿ. ಆಮ್ಯಾಕೆ ನಾನು ಎಂಗೆ ಅಳ್ಲಿ?”

ರಮಾಮಣಿ ಸಿದ್ದಲಕ್ಷ್ಮಮ್ಮನ ಮಡಿಲಲ್ಲಿ ಮುದುರಿದ್ದ ಸೆರಗನ್ನು ಮೆಲ್ಲಗೆ ಬಿಡಿಸಿದರು. ಸೆರಗಿನ ಅಂಚು ಚಿಂದಿಯಾಗಿತ್ತು. ಉದ್ದಕ್ಕೂ ಹಲ್ಲಿನ ಗುರುತು. ಅದನ್ನು ಮಲ್ಲಪ್ಪನವರಿಗೂ ಕಾಣುವಂತೆ ಹಿಡಿದರು. ಮಲ್ಲಪ್ಪ ನೋಡಿದರು. ಅಲ್ಲೇ ಹೊಸ್ತಿಲ ಮೇಲೆ ಕೂತರು.

“ರಾಧಾ, ಬೆಳಿಗ್ಗೆ ಎದ್ದಾಗಿಂದ ಏನೇನು ನಡೀತೈತೆ, ಒಂದೊಂದೇ ಏಳಮ್ಮ,” ಅಂದರು ರಮಾಮಣಿ.

ರಾಧಾ ಹೇಳಿದಳು. ನೀರು, ಕಟ್ಟು, ಮೈ ಒರೆಸುವುದು, ದೀಪ, ಪದ, ಗಂಜಿ, ಮಾತ್ರೆ.

“ಮಾತ್ರೆ ಕಡೇಲಾ?”

“ದೀಪ ಹಚ್ಚೋಕೆ ಮುಂಚೆ ಅತ್ತೆ ನೀರೂ ಮುಟ್ಟಲ್ಲ. ಡಾಕ್ಟರು ಕಟ್ಟು ಬಿಚ್ಚೋಕೆ ಮುಂಚೆ ಕೊಡು ಅಂದಿದ್ರು. ನಾನು, ಆಮೇಲೆ ಆದ್ರೂ ಕೊಟ್ರೆ ಆಯ್ತು ಅಂತ…”

ಅಷ್ಟರಲ್ಲಿ ವಳ್ಳಿಯಮ್ಮ ಮತ್ತೆ ಬಂದಿದ್ದಳು. ಹೆಪ್ಪಿನ ಬಟ್ಟಲು ನೆಪ. “ಸರಿ ನರ್ಸಮ್ಮಾ, ನೋವು ಬಂದ್ ಮ್ಯಾಲೆ ತಾನೇ ಮಾತ್ರೆ? ಬರ್ದೇ ಇರೋ ನೋವಿಗೆ ಯಾರಾದ್ರೂ ಮಾತ್ರೆ ನುಂಗ್ತಾರಾ?”

“ಮಳೆ ಬರೋ ಮೋಡ ಕಂಡ್ರೆ ಅಂಗಳದಾಗೆ ಒಣಗಾಕಿರೋ ಕಡ್ಲೆಕಾಯಿ ಏನು ಮಾಡ್ತೀಯ ವಳ್ಳಿಯಮ್ಮ?”

“ಒಳಕ್ಕೆ ತರ್ತೀನಿ.”

“ನೆಂದ ಮ್ಯಾಲೆ ತಂದ್ರೆ?”

“ಬೂಷ್ಟು ಬತ್ತೈತೆ.”

“ಇದೂ ಅಂಗೇ. ನುಂಗಿದ ಮಾತ್ರೆ ರಕ್ತಕ್ಕೆ ಸೇರಿ ನೋವಿನ ತಾವ ಓಗೋಕೆ ಹೊತ್ತು ಬೇಕು. ಅರ್ಧ, ಮುಕ್ಕಾಲು ಗಂಟೆ. ಕೆಲವ್ರಿಗೆ ಇನ್ನೂ ಸ್ವಲ್ಪ. ಕಟ್ಟು ಬಿಚ್ಚಿ ಆದ್ಮೇಲೆ ಕೊಟ್ರೆ ಮಾತ್ರೆ ಕೆಲ್ಸ ಶುರು ಮಾಡೋ ಹೊತ್ಗೆ ಈಯಮ್ಮ ಪಡಬಾರದ್ದೆಲ್ಲಾ ಪಟ್ಟಾಗಿರ್ತೈತೆ.”

ವಳ್ಳಿಯಮ್ಮ ಅಷ್ಟಕ್ಕೆ ಬಿಡುವವಳಲ್ಲ. ದನಿ ತಗ್ಗಿಸಿದಳು. “ಆ ಮಾತ್ರೆ… ಅದೇ, ಮಾರ್ಫಿನು… ಅದು ಕಡೇಗಾಲದ ಮಾತ್ರೆ ಅಲ್ವಾ? ನಮ್ಮಣ್ಣಂಗೂ ಅದೇ ಕೊಟ್ರು. ಬೋ ದಿನ ಇರ್ಲಿಲ್ಲ. ನುಂಗಿದ್ರೆ ಅಭ್ಯಾಸ ಬೇರೆ ಆಯ್ತೈತಂತೆ, ಸಾರಾಯಿ ತರ.”

ಮಲ್ಲಪ್ಪ ತಲೆ ತಗ್ಗಿಸಿದರು. ವಳ್ಳಿಯಮ್ಮನ ಮಾತು ಕೇಳಿ ಅವರು ಎಷ್ಟೋ ಸಲ ‘ಇವತ್ತು ನೋವು ಕಮ್ಮಿ ಐತೆ, ಒಂದೊತ್ತು ಬ್ಯಾಡ’ ಎಂದು ಮಾತ್ರೆ ತಪ್ಪಿಸಿದ್ದರು. ಅದನ್ನೂ ಹೇಳಿಬಿಟ್ಟರು.

“ನಿಮ್ಮಣ್ಣ ಓಗಿದ್ದು ಕಾಯಿಲೆಯಿಂದ, ವಳ್ಳಿಯಮ್ಮ,” ಅಂದರು ರಮಾಮಣಿ. “ಮಾತ್ರೆ ಕೊಟ್ಟಾಗ ಕಾಯಿಲೆ ಆಗ್ಲೇ ಮುಗಿಯೋ ಗಟ್ಟಕ್ಕೆ ಬಂದಿತ್ತು. ಕಡೇ ದಿನಗಳಾಗೆ ಎಂಗಿದ್ರು? ಕೂಗಾಡ್ತಿದ್ರಾ?”

ವಳ್ಳಿಯಮ್ಮ ಸ್ವಲ್ಪ ಯೋಚಿಸಿದಳು. “ಇಲ್ಲ. ಕಾಪಿ ಕೇಳಿ ಈಸ್ಕಂಡು ಕುಡುದ್ರು. ನನ್ನ ಮಗಳ ಮದ್ವೆ ಮಾತಾಡಿದ್ರು.”

“ಅದು ಆ ಮಾತ್ರೆಯಿಂದ.”

ವಳ್ಳಿಯಮ್ಮನ ಕಣ್ಣು ತುಂಬಿತು. ಅಣ್ಣನ ಸಾವನ್ನು ಅವಳು ಹಾಗೆ ಯೋಚಿಸಿರಲಿಲ್ಲ.

ರಮಾಮಣಿ ಮಲ್ಲಪ್ಪನವರ ಕಡೆ ತಿರುಗಿದರು. “ಅಣ್ಣಾ, ಡಾಕ್ಟರು ಬರೆದಷ್ಟು, ಬರೆದ ಹೊತ್ಗೆ ತಗಂಡ್ರೆ ಇದು ಚಟ ಆಗಲ್ಲ, ಆಯಸ್ಸೂ ಕಮ್ಮಿ ಮಾಡಲ್ಲ. ಹೊತ್ತು ತಪ್ಪಿಸಿದ್ರೆ ನೋವು ಮತ್ತೆ ಮೇಲೇರ್ತೈತೆ, ಆಮೇಲೆ ಇಳಿಸೋದು ಕಷ್ಟ. ನಮ್ಮಷ್ಟಕ್ಕೆ ನಾವು ಹೆಚ್ಚು ಮಾಡೋದೂ ಬ್ಯಾಡ, ಕಮ್ಮಿ ಮಾಡೋದೂ ಬ್ಯಾಡ. ಮೊದಮೊದ್ಲು ಸ್ವಲ್ಪ ತೂಕಡಿಕೆ ಬತ್ತೈತೆ, ವಾಕರಿಕೆ ಆದ್ರೂ ಆಗ್ಬೋದು, ಓಯ್ತೈತೆ. ಒಟ್ಟೆ ಕಟ್ಟೋದು ಮಾತ್ರ ಓಗಲ್ಲ, ಅದ್ಕೇ ಭೇದಿ ಔಷಧಿನೂ ಜೊತೆಗೇ ಕೊಟ್ಟಿರೋದು. ಅದನ್ನೂ ಬುಡ್ಬೇಡಿ.”

“ಮಾತ್ರೆ ಸರಿ,” ಅಂದರು ಮಲ್ಲಪ್ಪ. “ಆದ್ರೆ ದೀಪಕ್ಕೆ ಮುಂಚೆ ಇವ್ಳು ನುಂಗಲ್ಲ. ದೀಪ ಹಚ್ಚಿದ ಮ್ಯಾಲೆ ಕಟ್ಟು ಬಿಚ್ಚೋದಾ? ದೇವ್ರ ದೀಪ ಉರೀತಿರೋ ಮನೇಲಿ ಕೀವು, ರಕ್ತ, ಆ ವಾಸ್ನೆ… ನಮ್ಮ ಕಡೆ ಅಂಗೆ ಮಾಡಲ್ಲ ನರ್ಸಮ್ಮ.”

ಇದು ಗಟ್ಟಿ ಮಾತು. ಆ ಮನೆಯಲ್ಲಿ ಮಾವ ಹಾಗೆ ಹೇಳಿದ ಮೇಲೆ ಮಾತು ಮುಂದುವರಿದದ್ದಿಲ್ಲ.

ರಮಾಮಣಿ ಜಗಳಕ್ಕೆ ಹೋಗದೆ ಕೇಳಿದರು. “ನೀವು ಅಸು ಕಟ್ಟಿದ್ದೀರಲ್ಲ ಅಣ್ಣಾ. ಗೊರಸಿನ ಗಾಯದಾಗೆ ಉಳ ಬಿದ್ರೆ ದೀಪ ಆಯ್ತಾ ಇಲ್ವಾ ಅಂತ ನೋಡ್ತೀರಾ?”

“ಅದು ಮೂಕಪ್ರಾಣಿ. ಅದ್ಕೆ ಏನು ಗೊತ್ತು, ಪಾಪ.”

“ಗೊತ್ತಿರೋರ್ಗೆ ಪಾಪ ಅನ್ನೋದು ಬ್ಯಾಡ್ವಾ?”

ಅಷ್ಟರಲ್ಲಿ ಸಿದ್ದಲಕ್ಷ್ಮಮ್ಮ ಮಾತಾಡಿದರು.

“ಮಾದೇಶನ ಅಪ್ಪಾ, ಕೇಳಿ ಇಲ್ಲಿ. ಈ ಮನೇಲಿ ದೀಪ ಹಚ್ಚೋಳು ಯಾರು?”

“ನೀನೇ.”

“ದೀಪ ನಂದು. ಕ್ರಮಾನೂ ನಾನೇ ಏಳ್ತೀನಿ. ಇವತ್ತು ಹಳೇ ಕಟ್ಟಿನಾಗೇ ಹಚ್ಚಿದೆ, ಅದು ಆರಿಲ್ಲ. ಚೆನ್ನಾಗೇ ಉರೀತು. ನನ್ ಮೈಯಾಗೆ ಏನೈತೆ ಅಂತ ಅವನ್ಗೆ ಗೊತ್ತಿಲ್ವಾ? ಬಟ್ಟೆ ಮುಚ್ಚಿದ್ರೆ ಕಾಣಲ್ಲ ಅಂತ ನಾವು ತಿಳ್ಕಂಡಿದ್ದೀವಿ, ಅಷ್ಟೇ. ನಾಳೆಯಿಂದ ಮೊದ್ಲು ದೀಪ, ಪದ. ಆಮೇಲೆ ಗಂಜಿ, ಮಾತ್ರೆ. ಮಾತ್ರೆ ಕೆಲ್ಸ ಮಾಡಿದ ಮ್ಯಾಲೆ ಕಟ್ಟು.”

ಇಷ್ಟು ಹೇಳುವುದರಲ್ಲಿ ಅವರಿಗೆ ಸುಸ್ತಾಯಿತು. ಕೆಲವರು ಭಕ್ತಿಯನ್ನು ಒಂದೇ ಕ್ರಮದಲ್ಲಿ ಕಟ್ಟಿಟ್ಟಿರುತ್ತಾರೆ. ಆ ಕ್ರಮ ಬದಲಾದರೂ ಭಕ್ತಿ ಅಲುಗದೆ ಇರುವಷ್ಟು ನಂಬಿಕೆ ಎಲ್ಲರಿಗೂ ಇರುವುದಿಲ್ಲ. ಸಿದ್ದಲಕ್ಷ್ಮಮ್ಮನಿಗೆ ಇತ್ತು.

ಮಲ್ಲಪ್ಪ ಟವಲಿನಿಂದ ಮುಖ ಒರೆಸಿಕೊಂಡರು. “ನೀನು ಏಳಿದ್ ಮ್ಯಾಲೆ ಇನ್ನೇನು,” ಅಂದರು.

“ನಾಳೆ ಯಾಕೆ? ಇವತ್ತೇ ಆಗ್ಲಿ,” ಅಂದರು ರಮಾಮಣಿ. ಕಟ್ಟಿಗೆ ಮುಂಚೆ ಕೊಡಲು ಡಾಕ್ಟರು ಬರೆದಿದ್ದ ಮಾತ್ರೆಯನ್ನು ಸಿದ್ದಲಕ್ಷ್ಮಮ್ಮನ ಕೈಗಿಟ್ಟರು. “ರಾಧಾ, ಒಲೆ ಮ್ಯಾಲೆ ಅನ್ನಕ್ಕೆ ಇಡು. ಅನ್ನ ಆಗಿ, ಗಂಜಿ ಬಸ್ದು, ಸಾರು ಕುದ್ದು ಇಳಿಸೋವರ್ಗೂ ಕಟ್ಟಿನ ಕಡೆ ನೋಡ್ಬೇಡ. ದಿನಾ ಅದೇ ನಿನ್ನ ಗಡಿಯಾರ.”

ಸಾರು ಕುದಿಯುವವರೆಗೆ ರಮಾಮಣಿ ಸಾಮಾನು ಸಜ್ಜು ಮಾಡಿದರು. ಕುದಿಸಿ ಆರಿಸಿದ ನೀರು, ಅದಕ್ಕೆ ಚೂರು ಉಪ್ಪು. ಮೊಣಕೈಗೆ ಸುರಿದು ನೋಡಿದರೆ ಉಗುರು ಬೆಚ್ಚಗಿರಬೇಕು. ತೆಳುವಾದ ಬ್ಯಾಂಡೇಜ್ ಬಟ್ಟೆಗೆ ವ್ಯಾಸಲಿನ್ ಹಚ್ಚಿ ಇಟ್ಟುಕೊಂಡರು. ರಾಧಾಳಿಗೆ ಸೋಪಿನಿಂದ ಕೈ ತೊಳೆಸಿ ಗ್ಲೌಸ್ ಹಾಕಿಸಿದರು. ಮೇಲೆ ತಿರುಗುತ್ತಿದ್ದ ಫ್ಯಾನ್ ನಿಲ್ಲಿಸಿದರು.

“ಸೆಕೆ ಆಯ್ತೈತಲ್ಲ,” ಅಂದಳು ವಳ್ಳಿಯಮ್ಮ.

“ತೆರೆದ ಉಣ್ಣಿಗೆ ಗಾಳಿ ಬಡುದ್ರೆ ಉರಿ. ಸೆಕೆ ಆದ್ರೆ ನೀನು ಆಚೆ ಓಗಿ ಕೂತ್ಕೋ.”

“ನಾನ್ ಯಾಕೆ ಓಗ್ಲಿ? ನಾನೂ ಕಲೀತೀನಿ.”

“ಅಂಗಾದ್ರೆ ಬಾಯ್ಗೂ ಒಂದು ಕಟ್ಟು ಕಟ್ಕೋ,” ಅಂದರು ಸಿದ್ದಲಕ್ಷ್ಮಮ್ಮ. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ನಕ್ಕರು. ವಳ್ಳಿಯಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮಲ್ಲಪ್ಪ ಎದ್ದು ಟವಲು ಹೆಗಲಿಗೆ ಹಾಕಿದರು. ಕಾಲು ತಾನಾಗಿ ಬಾಗಿಲ ಕಡೆ ಹೋಯಿತು.

“ಅಣ್ಣಾ, ನೀವು ಈ ಕಡೆ ಬನ್ನಿ,” ಅಂದರು ರಮಾಮಣಿ. “ಬೆನ್ನಿಗೆ ಒರಗೋಕೆ ಒಬ್ರು ಬೇಕು.”

ಮಲ್ಲಪ್ಪ ನಿಂತರು. ಬಂದರು. ಹೆಂಡತಿಯ ಬೆನ್ನ ಹಿಂದೆ ಗೋಡೆಗೆ ಒರಗಿ ಕೂತರು.

“ಅಮ್ಮಾ, ನೀವು ಒಂದು ಪದ ಏಳಿ. ಗಟ್ಟಿಯಾಗಿ ಬ್ಯಾಡ, ಮೆದುವಾ. ನೀವು ಏಳ್ತಾ ಇರೋವರ್ಗೂ ನನ್ನ ಕೈ ನಡೀತೈತೆ. ನೀವು ನಿಲ್ಲಿಸಿದ್ರೆ ನನ್ನ ಕೈನೂ ನಿಲ್ತೈತೆ. ಯಾಕೆ ಅಂತ ಕೇಳಲ್ಲ, ಇನ್ನು ಸ್ವಲ್ಪ ತಡ್ಕೊಳ್ಳಿ ಅಂತ ಅನ್ನಲ್ಲ. ನೀವು ಮತ್ತೆ ಶುರು ಮಾಡೋವರ್ಗೂ ಕಾಯ್ತೀನಿ.”

ಸಿದ್ದಲಕ್ಷ್ಮಮ್ಮ ನಂಬದವರಂತೆ ನೋಡಿದರು. ಅವರ ನೋವಿನ ಲಗಾಮನ್ನು ಅವರ ಕೈಗೇ ಕೊಡುವವರನ್ನು ಅವರು ಈವರೆಗೆ ಕಂಡಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಪದ ಎತ್ತಿದರು. ದನಿ ತೆಳ್ಳಗಿತ್ತು, ಆದರೆ ತಾಳ ತಪ್ಪಿರಲಿಲ್ಲ.

ರಮಾಮಣಿ ಬಟ್ಟೆಯನ್ನು ಎಳೆಯಲೇ ಇಲ್ಲ. ಬೆಚ್ಚಗಿನ ಉಪ್ಪುನೀರನ್ನು ಅಂಚಿನ ಸುತ್ತ ಸಣ್ಣಗೆ ಬಿಟ್ಟರು. ಕಾದರು. ಮತ್ತೆ ಬಿಟ್ಟರು. ಬಟ್ಟೆ ನೀರು ಕುಡಿದು ತಾನಾಗಿಯೇ ಸಡಿಲವಾಗುತ್ತ ಬಂತು. ನಡುವೆ ಒಂದು ಕಡೆ ಬೂದುಬಣ್ಣದ ಹಕ್ಕಳೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಪದ ನಿಂತಿತು. ರಮಾಮಣಿಯ ಕೈ ಅಲ್ಲೇ ನಿಂತಿತು.

“ಇದೇನಿದು?” ಅಂದರು ಮೆಲ್ಲಗೆ.

“ಇಬೂತಿ,” ಅಂದರು ಮಲ್ಲಪ್ಪ. “ಮಾದಪ್ಪನ ಬೆಟ್ಟದ್ದು. ನಾನೇ ರಾಧಾಗೆ ಕೊಟ್ಟು ಹಾಕು ಅಂದೆ. ಬ್ಯಾರೆ ಏನು ಮಾಡೋಕೂ ನಂಗೆ ತಿಳೀಲಿಲ್ಲ.”

“ಒಳ್ಳೇದಕ್ಕೇ ಹಾಕಿಸಿದ್ದೀರ ಅಣ್ಣಾ. ಆದ್ರೆ ಇಬೂತಿ ಆಗ್ಲಿ, ಅರಿಶಿಣ ಆಗ್ಲಿ, ಸ್ಪಿರಿಟ್ ಆಗ್ಲಿ ಈ ಉಣ್ಣಿಗೆ ಬೀಳ್ಬಾರ್ದು. ರಸಿಗೆ ಸೇರಿ ಸಿಮೆಂಟ್ ತರ ಕಚ್ಕೊಂಡೈತೆ. ಅದನ್ನ ಹಣೆಗೆ ಇಡಿ, ನೀವೇ ದಿನಾ ಇಡಿ. ವಾಸ್ನೆ ಓಗೋಕೆ ಡಾಕ್ಟರು ಕೊಟ್ಟಿರೋ ಪುಡಿ ಐತಲ್ಲ, ಉಣ್ಣಿಗೆ ಅದು ಸಾಕು.”

ಮಲ್ಲಪ್ಪ ಬೆರಳಿಗೆ ವಿಭೂತಿ ತೆಗೆದುಕೊಂಡು ಹೆಂಡತಿಯ ಹಣೆಗೆ ಮೂರು ಗೆರೆ ಎಳೆದರು. ಸ್ವಲ್ಪ ಹೊತ್ತಿಗೆ ಪದ ಮತ್ತೆ ಎದ್ದಿತು. ನೀರು ಮತ್ತೆ ಇಳಿಯಿತು. ಕೊನೆಯ ಪದರ ಹೂವಿನ ಎಸಳಿನಂತೆ ಕೈಗೆ ಬಂತು. ರಕ್ತ ಒಂದೆರಡು ಹನಿ. “ಇಷ್ಟು ಬಂದ್ರೆ ಶುದ್ಧ ಬಟ್ಟೆ ಇಟ್ಟು ಮೆಲ್ಲಗೆ ಒತ್ತಿ ಹಿಡ್ದಿರು, ತೆಗೆದು ತೆಗೆದು ನೋಡ್ಬೇಡ. ನಿಲ್ದೆ ಸುರೀತಿದ್ರೆ ಒತ್ತಿ ಹಿಡ್ಕಂಡೇ ನಂಗೆ ಫೋನ್ ಮಾಡು,” ಅಂದರು ರಾಧಾಳಿಗೆ. ಹುಣ್ಣನ್ನು ಉಜ್ಜಲಿಲ್ಲ, ನೀರು ಸುರಿದೇ ತೊಳೆದರು. ಪುಡಿ ಉದುರಿಸಿ, ವ್ಯಾಸಲಿನ್ ಬಟ್ಟೆ ಹೊದಿಸಿ, ಮೇಲೆ ಹತ್ತಿಯ ಬಟ್ಟೆ ದಪ್ಪಗೆ ಇಟ್ಟು ಕಟ್ಟಿದರು.

ಮಲ್ಲಪ್ಪನವರು ಮೊದಲ ಸಲ ಆ ಹುಣ್ಣನ್ನು ಕಂಡರು. ಮುಖ ತಿರುಗಿಸಲಿಲ್ಲ. ಅವರ ಕಣ್ಣೀರು ಹೆಂಡತಿಯ ಹೆಗಲ ಮೇಲೆ ಬಿದ್ದಾಗ ಸಿದ್ದಲಕ್ಷ್ಮಮ್ಮ ಪದ ನಿಲ್ಲಿಸಿ, “ಏನು, ನಿಮ್ಗೆ ನೋವಾಯ್ತಾ?” ಎಂದು ಕೇಳಿದರು.

“ಅಮ್ಮಾ, ಇಷ್ಟು ದಿನದ ನೋವು ಒಂದು ಕೊಡ ಅನ್ನಿ, ಇವತ್ತು ಎಷ್ಟು?” ಎಂದು ಕೇಳಿದರು ರಮಾಮಣಿ.

ಸಿದ್ದಲಕ್ಷ್ಮಮ್ಮ ಲೆಕ್ಕ ಹಾಕಿದರು. “ಒಂದು ಚೊಂಬು. ಅಷ್ಟೂ ತುಂಬಿಲ್ಲ.”

“ನಾಳೆ ರಾಧಾ ಮಾಡ್ಲಿ. ಚೊಂಬಿಗಿಂತ ಜಾಸ್ತಿ ಆದ್ರೆ ನಂಗೆ ಏಳ್ಬೇಕು, ಡಾಕ್ಟರ್ ತಾವ ಮಾತ್ರೆ ಅಳತೆ ಬದಲಾಯಿಸೋಣ. ಸಹಿಸ್ಕೊಂಡ್ರೆ ನಂಗೆ ಕೋಪ ಬತ್ತೈತೆ.”

ಮಾರನೆಯ ದಿನ ರಾಧಾ ಮಾಡಿದಳು. ಅತ್ತೆ ಮಧ್ಯೆ ಮಧ್ಯೆ ಪದ ನಿಲ್ಲಿಸಿದರು. ರಾಧಾ ಕಾದಳು. ಓದಿದ್ದು ಊರ ಶಾಲೆಯ ತಮಿಳು, ಕಲಿತದ್ದು ಒಂದೇ ದಿನ. ಆದರೆ ಆ ಹುಡುಗಿಯ ತಾಳ್ಮೆಯನ್ನು ನೋಡಿದವರು ಮರೆಯುವುದಿಲ್ಲ. ಬಟ್ಟೆಯ ಒಂದು ಮೂಲೆ ಬಿಡಲು ಒಪ್ಪದಿದ್ದರೆ ಅದರ ಜೊತೆ ಮಗುವಿನ ಜೊತೆ ಮಾತಾಡುವಂತೆ ಮಾತಾಡುತ್ತಾಳೆ: “ಬಾ ಸಾಮಿ, ಬಾ, ಇನ್ನೊಂಚೂರು ನೀರು ಕುಡಿ.” ಒಣಗಿದ್ದನ್ನು ಎಳೆಯುವ ಕೈ ಆ ಮನೆಯಿಂದ ಹೋಗಿಯೇ ಬಿಟ್ಟಿತು.

ಹುಣ್ಣು ಹೋಗಿಲ್ಲ. ಕಾಯಿಲೆಯೂ ಹೋಗಿಲ್ಲ. ಹೋಯಿತೆಂದು ಯಾರೂ ಸುಳ್ಳು ಹೇಳಿಲ್ಲ. ಆದರೆ ಸಿದ್ದಲಕ್ಷ್ಮಮ್ಮ ರಾತ್ರಿ ಉಣ್ಣುತ್ತಾರೆ. ಬೆಳಿಗ್ಗೆ ಸೊಸೆ ತಡ ಮಾಡಿದರೆ, “ಎಲ್ಲೋದ್ಲು ಇವ್ಳು, ಸಾರು ಆಗ್ಲೇ ಕುದೀತಾ ಐತೆ” ಎಂದು ಅವರೇ ಕೂಗುತ್ತಾರೆ.

ಮೊನ್ನೆ ಗುರುವಾರ ಮರಗೆಣಸು ತುಂಬಲು ಸಾಬಕ್ಕಿ ಮಾಡುವ ಸೇಗೋ ಗಿರಣಿಯವರ ವ್ಯಾನ್ ಬಂತು. ಬೀದಿಯಲ್ಲಿ ನಿಂತು ಹಾರನ್ ಹೊಡೆಯಿತು. ಡ್ರೈವರ್ ಇಳಿದು, “ಮಲ್ಲಪ್ಪಣ್ಣಾ, ಸೀಕ್ರಂ ವಾಂಗ, ಬೇಗ ಬನ್ನಿ! ಇನ್ನೂ ಎರಡು ಊರು ಓಗ್ಬೇಕು!” ಎಂದು ಕೂಗಿಕೊಂಡೇ ಅಂಗಳಕ್ಕೆ ಬಂದ.

ಕಟ್ಟು ಆಗ ತಾನೇ ಮುಗಿದಿತ್ತು. ರಾಧಾ ಬೋಗುಣಿ ಎತ್ತಿಕೊಂಡು ಹೋಗಿದ್ದಳು. ಸಿದ್ದಲಕ್ಷ್ಮಮ್ಮ ಗಂಡನ ಎದೆಗೆ ಒರಗಿದವರು ಹಾಗೆಯೇ ನಿದ್ದೆ ಹೋಗಿದ್ದರು. ಮಲ್ಲಪ್ಪನವರ ಕೈ ಜೋಮು ಹಿಡಿದಿತ್ತು. ಅವರು ಅಲುಗಲಿಲ್ಲ. ಬಾಗಿಲಿಗೆ ಬಂದ ಡ್ರೈವರ್‌ಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಉಸಿರಿನಲ್ಲೇ ಹೇಳಿದರು:

“ಮೊದ್ಲು ಆ ಊರುಗಳ್ಗೆ ಓಗ್ಬಾರಯ್ಯ. ಇವ್ಳು ಮಲಗವ್ಳೆ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂಥ ಹುಣ್ಣು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರಬಹುದು. ಕ್ಯಾನ್ಸರ್ ಹುಣ್ಣಿನ ಕಟ್ಟು ಬಿಚ್ಚುವಾಗ ನೋವು ಪಡಲೇಬೇಕು ಎಂಬ ವಿಧಿಯಿಲ್ಲ. ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ಕಟ್ಟಿಗೆ ಮುಂಚೆ ಕೊಡಿ. ಅದು ಕೆಲಸ ಮಾಡುವವರೆಗೆ ಕಾಯಿರಿ. ಒಣಗಿದ ಬಟ್ಟೆಯನ್ನು ಎಂದೂ ಎಳೆಯಬೇಡಿ, ನೆನೆಸಿ ಬಿಡಿಸಿ. ನಿಲ್ಲಿಸು ಎಂದರೆ ನಿಲ್ಲಿಸಿ. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ, ಇನ್ನೊಬ್ಬರಿಗೆ ಕೊಡಬೇಡಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರಾಟ ತೀರಾ ನಿಧಾನ, ನಿಲ್ಲದ ರಕ್ತ, ಜ್ವರ, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ತಿಳಿಸಿ. ಎದ್ದು ಬರಲಾಗದವರ ಮನೆಗೆ ನರ್ಸು ಬರುತ್ತಾರೆಯೇ ಎಂದು ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಸದ್ದು ಮಾಡದವರಿಗೆ ನೋವಿಲ್ಲ ಎಂದುಕೊಳ್ಳಬೇಡಿ. ಇವತ್ತೇ ಅವರ ಪಕ್ಕದಲ್ಲಿ ಕೂತು ಕೇಳಿ, “ಕಟ್ಟು ಬಿಚ್ಚುವಾಗ ಎಷ್ಟು ನೋವಾಗುತ್ತೆ?” ಅವರು ಬಾಯಿ ಬಿಟ್ಟು ಹೇಳುವವರೆಗೆ ಎದ್ದು ಹೋಗಬೇಡಿ.